ಪ್ರೋಗ್ರಾಂ ಓಡುತ್ತಲೇ ಇದೆ, ಸ್ಕ್ರಿಪ್ಟ್ ಮಾತ್ರ "ಓಡುತ್ತಿಲ್ಲ" ಅನ್ನುತ್ತದೆ: ಲಾರಿ ಕಾಟಾ ಸರ್ವಿಸ್ ಸಮಸ್ಯೆ

ಗಂಗಾವತಿ_ಕಾಟಾಮನೆ

ಎಲ್ಲರಿಗೂ ನಮಸ್ಕಾರ. ಗಂಗಾವತಿ ಹತ್ತಿರದ ಒಂದು ರೈಸ್ ಮಿಲ್‌ನಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ನಮ್ಮ ಲಾರಿ ಕಾಟಾದ ತೂಕ ತೋರಿಸುವ ಇಂಡಿಕೇಟರ್‌ನಿಂದ ಸೀರಿಯಲ್ ಕೇಬಲ್ ಮೂಲಕ ತೂಕ ಒಂದು ಉಬುಂಟು 20.04 ಕಂಪ್ಯೂಟರಿಗೆ ಬರುತ್ತದೆ. ಅದನ್ನು ಓದಿ ಚೀಟಿ ಮುದ್ರಿಸುವ ಸಾಫ್ಟ್‌ವೇರ್‌ಗೆ ಕೊಡಲು "ಕಾಟಾ-ಸೀರಿಯಲ್-ರೀಡರ್" ಅಂತ ಒಂದು ಚಿಕ್ಕ ಪ್ರೋಗ್ರಾಂ ಇದೆ. ಅದನ್ನು ಶುರು ಮಾಡಲು, ನಿಲ್ಲಿಸಲು, ಓಡುತ್ತಿದೆಯಾ ಅಂತ ಕೇಳಲು ಇನಿಟ್.ಡಿ ಫೋಲ್ಡರ್‌ನಲ್ಲಿ ಅದೇ ಹೆಸರಿನ ಒಂದು ಸ್ಕ್ರಿಪ್ಟ್ ಇದೆ. ಪ್ರೋಗ್ರಾಂ ಮಾಡಿಕೊಟ್ಟವರೇ ಬರೆದದ್ದು, ಅವರು ಈಗ ಸಿಗುತ್ತಿಲ್ಲ.

ಸಮಸ್ಯೆ ಏನೆಂದರೆ, ಸ್ಟೇಟಸ್ ಕೇಳಿದಾಗಲೆಲ್ಲ "ಓಡುತ್ತಿಲ್ಲ" ಅಂತಲೇ ಬರುತ್ತದೆ. ಪಿಎಸ್ (ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ ಕೊಡುವ ಕಮಾಂಡ್) ಹಾಕಿ ನೋಡಿದರೆ ಪ್ರೋಗ್ರಾಂ ಆರಾಮಾಗಿ ಓಡುತ್ತಿರುತ್ತದೆ. ಇದರ ಮೇಲೆ 5 ನಿಮಿಷಕ್ಕೊಮ್ಮೆ ಕ್ರಾನ್ (ಹೇಳಿದ ಹೊತ್ತಿಗೆ ಕಮಾಂಡ್ ಓಡಿಸುವ ವ್ಯವಸ್ಥೆ) ಬಂದು ಸ್ಟೇಟಸ್ ಕೇಳಿ, ಓಡುತ್ತಿಲ್ಲ ಅಂದರೆ ಸ್ಟಾರ್ಟ್ ಮಾಡುವ ಹಾಗೆ ಇಟ್ಟಿದ್ದೇವೆ. ಹಾಗಾಗಿ 5 ನಿಮಿಷಕ್ಕೊಂದು ಹೊಸ ಪ್ರತಿ ಶುರುವಾಗುತ್ತಾ ಹೋಗುತ್ತದೆ. ನಿನ್ನೆ ಮಧ್ಯಾಹ್ನ ಎಣಿಸಿದಾಗ 40ಕ್ಕಿಂತ ಜಾಸ್ತಿ ಇದ್ದವು.

ಕಾಟಾದ ಮೇಲೆ 24,860 ಕೆಜಿ ಇದ್ದರೆ ಕಂಪ್ಯೂಟರಿನಲ್ಲಿ ಒಮ್ಮೆ 486 ಅಂತ ಬರುತ್ತದೆ, ಒಮ್ಮೆ 2460 ಅಂತ, ಒಮ್ಮೆ ಏನೂ ಬರುವುದಿಲ್ಲ. ಸುಗ್ಗಿ ನಡೆದಿದೆ, ಭತ್ತದ ಟ್ರ್ಯಾಕ್ಟರ್‌ಗಳು ಗೇಟಿನಿಂದ ರಸ್ತೆವರೆಗೂ ಸಾಲಾಗಿ ನಿಂತಿರುತ್ತವೆ. ರೈತರು 75 ಕೆಜಿ ಚೀಲದ ಲೆಕ್ಕದಲ್ಲಿ ದುಡ್ಡು ಎಣಿಸುವವರು, ತೂಕದಲ್ಲಿ ಒಂದು ಅಂಕಿ ಹೆಚ್ಚುಕಡಿಮೆಯಾದರೆ ಅವರ ಹೊಟ್ಟೆ ಮೇಲೆ ಹೊಡೆದ ಹಾಗೆ. ಸದ್ಯಕ್ಕೆ ಇಂಡಿಕೇಟರ್ ನೋಡಿ ಕೈಯಿಂದಲೇ ಚೀಟಿ ಬರೆಯುತ್ತಿದ್ದೇವೆ. ಯಾರಾದರೂ ದಾರಿ ತೋರಿಸಿ.

(ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಓದಿದರೆ ಗೊತ್ತಾಗುತ್ತದೆ ಅಂದುಕೊಂಡಿದ್ದೇನೆ.)

ಸಿಂಧನೂರು_ಸರ್ವರ್

ಮೊದಲು ಆ ಕ್ರಾನ್ ಸಾಲಿನ ಮುಂದೆ # ಹಾಕಿ ನಿಲ್ಲಿಸಿ. ಉಳಿದದ್ದೆಲ್ಲ ಆಮೇಲೆ.

ಅಂಕಿಗಳು ಯಾಕೆ ಹರಿದು ಬರುತ್ತಿವೆ ಅಂದರೆ, ಒಂದು ಸೀರಿಯಲ್ ಪೋರ್ಟನ್ನು ಎರಡು ಪ್ರೋಗ್ರಾಂ ತೆರೆದು ಓದಲು ಕೂತರೆ ಲಿನಕ್ಸ್ ಇಬ್ಬರಿಗೂ ಒಂದೊಂದು ನಕಲು ಕೊಡುವುದಿಲ್ಲ. ಬಂದ ಬೈಟ್ ಯಾರು ಮೊದಲು ಓದಿದರೋ ಅವರ ಪಾಲು. 24860 ಅನ್ನುವುದರಲ್ಲಿ 2 ಒಬ್ಬನಿಗೆ, 486 ಇನ್ನೊಬ್ಬನಿಗೆ, 0 ಮತ್ತೊಬ್ಬನಿಗೆ. ನಿಮ್ಮಲ್ಲಿ 40 ಜನ ಕೂತಿದ್ದಾರೆ. ಅಂದರೆ ಕೇಬಲ್ ಸರಿ ಇದೆ, ಇಂಡಿಕೇಟರ್ ಸರಿ ಇದೆ, ಅವನ್ನು ಬಿಚ್ಚಲು ಹೋಗಬೇಡಿ.

ರೂಟ್ (ಎಲ್ಲ ಅಧಿಕಾರ ಇರುವ ಯೂಸರ್) ಆಗಿ "ಫ್ಯೂಸರ್ -ವಿ" ಬರೆದು ಮುಂದೆ ಪೋರ್ಟಿನ ಹೆಸರು ಕೊಡಿ, ಪೋರ್ಟ್ ಹಿಡಿದು ಕೂತಿರುವ ಪ್ರೋಸೆಸ್‌ಗಳ ನಂಬರ್ ಎಲ್ಲ ತೋರಿಸುತ್ತದೆ. ಎಲ್ಲವನ್ನೂ ಕಿಲ್ ಮಾಡಿ ಒಂದೇ ಒಂದನ್ನು ಕೈಯಿಂದ ಶುರು ಮಾಡಿ. ಇವತ್ತಿನ ಚೀಟಿ ಸರಿಯಾಗಿ ಬರಲಿ.

ಆಮೇಲೆ ಸ್ಕ್ರಿಪ್ಟಿನ ಎರಡು ಸಾಲು ಇಲ್ಲಿ ಹಾಕಿ: ಸ್ಟಾರ್ಟ್ ಮಾಡುವ ಸಾಲು, ಸ್ಟೇಟಸ್ ನೋಡುವ ಸಾಲು. ಪಿಐಡಿ ಫೈಲ್ (ಪ್ರೋಸೆಸ್ ನಂಬರ್ ಬರೆದಿಡುವ ಫೈಲ್) ಇದ್ದರೆ ಅದರೊಳಗೆ ಏನಿದೆ, ಎಷ್ಟು ಬೈಟ್ ಇದೆ ಅದನ್ನೂ ಹೇಳಿ.

ತೋರಣಗಲ್ಲು_ಶಿಫ್ಟ್

ಪಿಐಡಿ ಫೈಲ್ ತಂಟೆಯೇ ಬೇಡ ಅಣ್ಣಾ. ಪಿಗ್ರೆಪ್ ಬರೆದು ಪ್ರೋಗ್ರಾಂ ಹೆಸರು ಕೊಟ್ಟುಬಿಡಿ, ನಂಬರ್ ಬಂದರೆ ಓಡುತ್ತಿದೆ, ಬರದಿದ್ದರೆ ಇಲ್ಲ. ನಾನು ಇಲ್ಲಿ ಎಷ್ಟೋ ಕಡೆ ಹಾಗೇ ಮಾಡಿದ್ದೇನೆ.

ಗಂಗಾವತಿ_ಕಾಟಾಮನೆ

ಸಿಂಧನೂರು ಅಣ್ಣಾ, ನೀವು ಹೇಳಿದ ಹಾಗೆ ಎಲ್ಲ ಕಿಲ್ ಮಾಡಿ ಒಂದನ್ನೇ ಬಿಟ್ಟೆ. ತೂಕ ತಕ್ಷಣ ಸರಿಯಾಯಿತು. ನಮ್ಮ ಗುಮಾಸ್ತರ ಮುಖದಲ್ಲಿ ಜೀವ ಬಂತು, ನಿಜವಾಗಿಯೂ ತುಂಬಾ ಉಪಕಾರವಾಯಿತು.

ತೋರಣಗಲ್ಲು ಅವರೇ, ಪಿಗ್ರೆಪ್ ಹಾಕಿ ನೋಡಿದೆ. ಪೂರ್ತಿ ಹೆಸರು ಕೊಟ್ಟರೆ ಏನೂ ಸಿಗುವುದಿಲ್ಲ, ಪ್ರೋಗ್ರಾಂ ಕಣ್ಣ ಮುಂದೆ ಓಡುತ್ತಿದ್ದರೂ. ಹುಡುಕಿದಾಗ -ಎಫ್ ಸೇರಿಸಿ ಅಂತ ಸಿಕ್ಕಿತು. ಸೇರಿಸಿದೆ. ಈಗ ಪೂರ್ತಿ ಉಲ್ಟಾ, ಪ್ರೋಗ್ರಾಂ ನಿಲ್ಲಿಸಿದ ಮೇಲೂ ಸ್ಕ್ರಿಪ್ಟ್ "ಓಡುತ್ತಿದೆ" ಅನ್ನುತ್ತದೆ. ಹಾಗಾಗಿ ಹಳೆಯದಕ್ಕೇ ವಾಪಸ್ ಬಂದೆ.

ಸ್ಟಾರ್ಟ್ ಸಾಲು ಹೀಗಿದೆ:

ಎಸ್‌ಯು ಕಾಟಾ -ಸಿ "ನೋಹಪ್ /ಆಪ್ಟ್/ಕಾಟಾ/ಕಾಟಾ-ಸೀರಿಯಲ್-ರೀಡರ್ > /ಆಪ್ಟ್/ಕಾಟಾ/ಲಾಗ್ 2>&1 & ಎಕೋ $! > /ಆಪ್ಟ್/ಕಾಟಾ/ಕಾಟಾ.ಪಿಡ್"

ಸ್ಟೇಟಸ್‌ನಲ್ಲಿ ಆ ಕಾಟಾ.ಪಿಡ್ ಫೈಲಿನಿಂದ ನಂಬರ್ ತೆಗೆದು "ಕಿಲ್ -0" ಮಾಡುತ್ತದೆ, ತಪ್ಪು ಬಂದರೆ "ಓಡುತ್ತಿಲ್ಲ" ಅನ್ನುತ್ತದೆ. ತಪ್ಪಿನ ಸಂದೇಶ ಮಾತ್ರ ಬೇಡದ್ದನ್ನು ಬಿಸಾಡುವ ಜಾಗವಾದ /ಡೆವ್/ನಲ್‌ಗೆ ಹೋಗುತ್ತದೆ.

ಫೈಲ್ ತೆರೆದರೆ ಖಾಲಿ. ಗಾತ್ರ 1 ಬೈಟ್.

ಇನ್ನೊಂದು ವಿಷಯ ಹೇಳಬೇಕು. ಮೊದಲು ಇದು ರೂಟ್ ಹೆಸರಿನಲ್ಲೇ ಓಡುತ್ತಿತ್ತು, ಆಗ ಸ್ಟೇಟಸ್ ಸರಿಯಾಗಿತ್ತು. ರೂಟ್ ಆಗಿ ಓಡಿಸುವುದು ಒಳ್ಳೆಯದಲ್ಲ ಅಂತ ಓದಿ, ಹೋದ ತಿಂಗಳು ನಾನೇ "ಕಾಟಾ" ಅಂತ ಒಂದು ಯೂಸರ್ ಮಾಡಿ, ಪೋರ್ಟ್ ಓದಲು ಡಯಲ್‌ಔಟ್ ಗುಂಪಿಗೆ ಸೇರಿಸಿ, ಆ ಫೋಲ್ಡರನ್ನು ಅದರ ಹೆಸರಿಗೆ ಮಾಡಿ, ಸ್ಟಾರ್ಟ್ ಸಾಲಿಗೆ, ಬೇರೆ ಯೂಸರ್ ಹೆಸರಿನಲ್ಲಿ ಓಡಿಸುವ ಎಸ್‌ಯು ಸುತ್ತಿದೆ. ಆಗಿನಿಂದಲೇ ಶುರುವಾಗಿದ್ದು ಇರಬಹುದಾ?

ರಾಯಚೂರು_ಲಿನಕ್ಸ್_ಅಕ್ಕ

ಆಗಿನಿಂದಲೇ ಶುರುವಾಗಿದ್ದು. ಆದರೆ ಬೇರೆ ಯೂಸರ್ ಮಾಡಿದ್ದು ತಪ್ಪಲ್ಲ ತಮ್ಮಾ, ಅದನ್ನು ಹಾಗೇ ಇಟ್ಟುಕೋ. ತಪ್ಪಿರುವುದು ಎರಡು ಉದ್ಧರಣ ಚಿಹ್ನೆಯಲ್ಲಿ.

$! ಅಂದರೆ "ನಾನು ಈಗಷ್ಟೇ ಹಿನ್ನೆಲೆಗೆ ಕಳಿಸಿದ ಪ್ರೋಸೆಸ್‌ನ ನಂಬರ್". ಈ ಮಾತಿನಲ್ಲಿ "ನಾನು" ಯಾರು ಅನ್ನುವುದೇ ಮುಖ್ಯ. ನಿನ್ನ ಸಾಲಿನಲ್ಲಿ ಎರಡು ಶೆಲ್ (ಕಮಾಂಡ್ ಓದಿ ಓಡಿಸುವ ಪ್ರೋಗ್ರಾಂ) ಇವೆ. ಹೊರಗಿನದು ಸ್ಕ್ರಿಪ್ಟನ್ನು ಓಡಿಸುವ ಶೆಲ್, ಒಳಗಿನದು ಎಸ್‌ಯು ಹುಟ್ಟಿಸುವ ಶೆಲ್. ಪ್ರೋಗ್ರಾಂ ಹಿನ್ನೆಲೆಗೆ ಹೋಗುವುದು ಒಳಗಿನದರಲ್ಲಿ. ಆದರೆ ಡಬಲ್ ಕೋಟ್ ಒಳಗೆ $ ಇದ್ದರೆ ಹೊರಗಿನ ಶೆಲ್ ಅದನ್ನು ಮುಂಚೆಯೇ ಬಿಡಿಸಿ, ಸಿಕ್ಕಿದ್ದನ್ನು ಅಲ್ಲಿ ಇಟ್ಟು, ಆಮೇಲೆ ಎಸ್‌ಯುಗೆ ಕೊಡುತ್ತದೆ. ಹೊರಗಿನದು ಏನನ್ನೂ ಹಿನ್ನೆಲೆಗೆ ಕಳಿಸಿಲ್ಲವಲ್ಲ, ಅದರ ಹತ್ತಿರ $! ಖಾಲಿ. ಹಾಗಾಗಿ ಒಳಗಿನ ಶೆಲ್‌ಗೆ ತಲುಪುವುದು ಬರೀ ಎಕೋ, ಮುಂದೆ ಏನೂ ಇಲ್ಲ. ಎಕೋ ಒಂದು ಸಾಲು ಮುರಿಯುವ ಅಕ್ಷರ ಬರೆದು ಸುಮ್ಮನಾಗುತ್ತದೆ. ನಿನ್ನ 1 ಬೈಟ್ ಅದೇ.

ಸ್ಟೇಟಸ್‌ನಲ್ಲಿ ಖಾಲಿ ಫೈಲ್ ಓದಿ ನಂಬರೇ ಇಲ್ಲದೆ ಕಿಲ್ -0 ಕರೆದರೆ ಕಿಲ್ ಸಿಟ್ಟಾಗಿ ಬಳಕೆಯ ವಿವರ ಹೇಳಿ ತಪ್ಪು ಅಂತ ಹಿಂದಿರುಗುತ್ತದೆ. ಆ ಸಂದೇಶವನ್ನು /ಡೆವ್/ನಲ್‌ಗೆ ಕಳಿಸದೆ ಇದ್ದಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಸ್ಕ್ರಿಪ್ಟ್ ಸರಿಮಾಡುವಷ್ಟು ದಿನವಾದರೂ ಅದನ್ನು ತೆಗೆದಿಡು.

ಈಗ ಮಾಡಬೇಕಾದದ್ದು ಇಷ್ಟೇ: -ಸಿ ಆದ ಮೇಲೆ ಇರುವ ಡಬಲ್ ಕೋಟ್ ಎರಡನ್ನೂ ಸಿಂಗಲ್ ಕೋಟ್ ಮಾಡು. ಸಿಂಗಲ್ ಕೋಟ್ ಒಳಗಿರುವುದನ್ನು ಹೊರಗಿನ ಶೆಲ್ ಮುಟ್ಟುವುದಿಲ್ಲ, $! ಹಾಗೇ ಒಳಗೆ ಹೋಗಿ ಅಲ್ಲೇ ಬಿಡಿಸಿಕೊಳ್ಳುತ್ತದೆ. ನೋಹಪ್ (ಲಾಗಿನ್ ಮುಗಿದರೂ ಪ್ರೋಗ್ರಾಂ ನಿಲ್ಲದ ಹಾಗೆ ಮಾಡುವ ಕಮಾಂಡ್) ತನ್ನ ಜಾಗದಲ್ಲೇ ಪ್ರೋಗ್ರಾಂ ಅನ್ನು ಕೂರಿಸಿ ತಾನು ಹೊರಟು ಹೋಗುತ್ತದೆ, ಆದ್ದರಿಂದ ಸಿಗುವ ನಂಬರ್ ನಿಜವಾಗಿಯೂ ನಿನ್ನ ಪ್ರೋಗ್ರಾಂನದ್ದೇ.

ಪಿಗ್ರೆಪ್ ವಿಷಯ. ಕರ್ನಲ್ (ಲಿನಕ್ಸಿನ ತಿರುಳು) ಒಂದು ಪ್ರೋಸೆಸ್‌ನ ಹೆಸರನ್ನು 15 ಅಕ್ಷರದವರೆಗೆ ಮಾತ್ರ ನೆನಪಿಟ್ಟುಕೊಳ್ಳುತ್ತದೆ. ನಿನ್ನ ಪ್ರೋಗ್ರಾಂ ಹೆಸರು ಇಂಗ್ಲಿಷಿನಲ್ಲಿ ಬರೆದರೆ ಅಡ್ಡಗೆರೆ ಸೇರಿ 18. ಕೊನೆಯ ಮೂರು ಅಕ್ಷರ ಅಲ್ಲಿ ಇಲ್ಲವೇ ಇಲ್ಲ, ಪೂರ್ತಿ ಹೆಸರು ಹುಡುಕಿದರೆ ಸಿಗುವುದು ಹೇಗೆ? -ಎಫ್ ಹಾಕಿದರೆ ಇಡೀ ಕಮಾಂಡ್ ಸಾಲಿನಲ್ಲಿ ಹುಡುಕುತ್ತದೆ, ಆಗ 15ರ ಮಿತಿ ಇಲ್ಲ. ಆದರೆ ನಿನ್ನ ಇನಿಟ್ ಸ್ಕ್ರಿಪ್ಟಿಗೂ ಅದೇ ಹೆಸರು! ಪಿಗ್ರೆಪ್ ತನ್ನನ್ನು ತಾನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ತನ್ನನ್ನು ಕರೆದ ಸ್ಕ್ರಿಪ್ಟನ್ನು ಹಿಡಿಯುತ್ತದೆ. ಹಾಗಾಗಿ ಕೇಳಿದಾಗಲೆಲ್ಲ ಒಬ್ಬರು ಸಿಗುತ್ತಾರೆ, ಕೇಳುತ್ತಿರುವವರೇ.

ತೋರಣಗಲ್ಲು_ಶಿಫ್ಟ್

15 ಅಕ್ಷರದ ವಿಷಯ ನನಗೆ ಗೊತ್ತಿರಲಿಲ್ಲ ಅಕ್ಕ. ನಾನು ನೋಡುವ ಪ್ರೋಗ್ರಾಂಗಳ ಹೆಸರೆಲ್ಲ ಗಿಡ್ಡ, ಅದಕ್ಕೇ ಕೆಲಸ ಮಾಡುತ್ತಿತ್ತು. ಗಂಗಾವತಿ ಅಣ್ಣಾ, ನನ್ನ ಮಾತು ಕೇಳಿ ನಿಮ್ಮ ಹೊತ್ತು ಹಾಳಾಯಿತು, ಬೇಸರ ಮಾಡಿಕೊಳ್ಳಬೇಡಿ.

ಗಂಗಾವತಿ_ಕಾಟಾಮನೆ

ಅಯ್ಯೋ, ಬೇಸರ ಯಾಕೆ, ನಿಮ್ಮಿಂದ ಒಂದು ಹೊಸ ವಿಷಯ ಗೊತ್ತಾಯಿತು ಅಲ್ವಾ.

ಅಕ್ಕ, ಸಿಂಗಲ್ ಕೋಟ್ ಮಾಡಿದೆ. ಫೈಲಿನಲ್ಲಿ ನಂಬರ್ ಬಂತು, ಸ್ಟೇಟಸ್ "ಓಡುತ್ತಿದೆ" ಅಂತು, ಕ್ರಾನ್ ಮತ್ತೆ ಹಾಕಿದೆ, ಎರಡು ಗಂಟೆಯಿಂದ ಒಂದೇ ಪ್ರತಿ ಇದೆ. ಒಂದೇ ಒಂದು ಸಣ್ಣ ವಿಷಯ ಉಳಿದಿದೆ. ನಾನು ರೂಟ್ ಆಗಿ ಕೇಳಿದರೆ ಸರಿಯಾಗಿ ಹೇಳುತ್ತದೆ. ಗುಮಾಸ್ತರು ತಮ್ಮ ಆಫೀಸ್ ಲಾಗಿನ್‌ನಿಂದ ಅದೇ ಸ್ಕ್ರಿಪ್ಟ್ ಸ್ಟೇಟಸ್ ಕೇಳಿದರೆ "ಓಡುತ್ತಿಲ್ಲ" ಅನ್ನುತ್ತದೆ. ಅವರು ಗಾಬರಿಯಾಗಿ ನನಗೆ ಫೋನ್ ಮಾಡುತ್ತಾರೆ.

ಸಿಂಧನೂರು_ಸರ್ವರ್

ಕಿಲ್ -0 ಸಿಗ್ನಲ್ ಕಳಿಸುವುದಿಲ್ಲ, ಕಳಿಸಬಹುದಾ ಅಂತ ಕೇಳುತ್ತದೆ ಅಷ್ಟೇ. ಪ್ರೋಸೆಸ್ ಇಲ್ಲದಿದ್ದರೂ ತಪ್ಪು ಬರುತ್ತದೆ, ಇದ್ದು ನಿಮಗೆ ಅನುಮತಿ ಇಲ್ಲದಿದ್ದರೂ ತಪ್ಪು ಬರುತ್ತದೆ. ಸ್ಕ್ರಿಪ್ಟ್ ಎರಡನ್ನೂ ಒಂದೇ ಅಂದುಕೊಳ್ಳುತ್ತಿದೆ. ಪ್ರೋಗ್ರಾಂ ಕಾಟಾ ಯೂಸರಿನದು, ಗುಮಾಸ್ತರು ಬೇರೆ ಯೂಸರ್.

ಅದರ ಬದಲು /ಪ್ರಾಕ್ (ಓಡುತ್ತಿರುವ ಪ್ರತಿ ಪ್ರೋಸೆಸ್‌ಗೂ ಒಂದು ಫೋಲ್ಡರ್ ಇರುವ ಜಾಗ) ಒಳಗೆ ಆ ನಂಬರಿನ ಫೋಲ್ಡರ್ ಇದೆಯಾ ಅಂತ ನೋಡಿಸಿ. ಅದನ್ನು ಯಾರು ಬೇಕಾದರೂ ನೋಡಬಹುದು (ಹೈಡ್‌ಪಿಡ್ ಅಂತ ಒಂದು ಆಯ್ಕೆ ಹಾಕಿ /ಪ್ರಾಕ್ ಮೌಂಟ್ ಮಾಡಿದ್ದರೆ ಕಾಣುವುದಿಲ್ಲ, ನೀವಾಗಿ ಹಾಕದಿದ್ದರೆ ಉಬುಂಟುವಿನಲ್ಲಿ ಅದು ಇರುವುದಿಲ್ಲ).

ಗಂಗಾವತಿ_ಕಾಟಾಮನೆ

ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. /ಪ್ರಾಕ್ ನೋಡುವ ಹಾಗೆ ಮಾಡಿದ್ದೆ, ಗುಮಾಸ್ತರಿಗೂ ಸರಿಯಾಗಿ ಕಾಣಿಸುತ್ತಿತ್ತು, ಎಲ್ಲ ಚೆನ್ನಾಗಿತ್ತು. ನಿನ್ನೆ ರಾತ್ರಿ ಕರೆಂಟ್ ಹೋಯಿತು, ಯುಪಿಎಸ್ ಕೂಡ ಕೈಕೊಟ್ಟು ಕಂಪ್ಯೂಟರ್ ಧಡಕ್ಕನೆ ಆಫ್ ಆಗಿದೆ. ಬೆಳಿಗ್ಗೆ ಆನ್ ಮಾಡಿದರೆ ತೂಕವೇ ಬರುತ್ತಿಲ್ಲ. ಸ್ಟೇಟಸ್ ಕೇಳಿದರೆ "ಓಡುತ್ತಿದೆ". ಸ್ಟಾರ್ಟ್ ಮಾಡಿದರೆ "ಆಗಲೇ ಓಡುತ್ತಿದೆ" ಅಂತ ಹೊರಗೆ ಬರುತ್ತದೆ. ಪಿಎಸ್‌ನಲ್ಲಿ ನೋಡಿದರೆ ಪ್ರೋಗ್ರಾಂ ಇಲ್ಲವೇ ಇಲ್ಲ. ಮೊದಲಿನ ಸಮಸ್ಯೆಯೇ ತಲೆಕೆಳಗಾಗಿ ಬಂದಿದೆ. ಫೈಲಿನಲ್ಲಿ 1184 ಅಂತ ಇದೆ, ಆ ನಂಬರಿನಲ್ಲಿ ಈಗ ಪ್ರಿಂಟರ್ ಸರ್ವಿಸ್ ಕಪ್ಸ್ ಓಡುತ್ತಿದೆ!

ಸ್ಟಾಪ್ ಮಾಡಿ ಸ್ಟಾರ್ಟ್ ಮಾಡಲಾ?

ರಾಯಚೂರು_ಲಿನಕ್ಸ್_ಅಕ್ಕ

ಬೇಡ! ಸ್ಟಾಪ್ ಮಾಡಬೇಡ. ಸ್ಟಾಪ್ ಕೂಡ ಅದೇ ಫೈಲಿನ ನಂಬರ್ ಓದಿ ಕಿಲ್ ಮಾಡುತ್ತದೆ, ನಿನ್ನ ಪ್ರಿಂಟರ್ ಸರ್ವಿಸ್ ಸಾಯುತ್ತದೆ. ಆ ಫೈಲನ್ನು ಅಳಿಸಿ ಸ್ಟಾರ್ಟ್ ಮಾಡು, ಮೊದಲು ತೂಕ ಬರಲಿ.

ಆಗಿದ್ದು ಇಷ್ಟು. ಪ್ರೋಗ್ರಾಂ ಸತ್ತಾಗ ಪಿಐಡಿ ಫೈಲ್ ತಾನಾಗಿ ಅಳಿಯುವುದಿಲ್ಲ. ಕರೆಂಟ್ ಹೋದರೆ ಅಳಿಸಲು ಯಾರೂ ಇರುವುದಿಲ್ಲ. ನಿನ್ನ ಫೈಲ್ /ಆಪ್ಟ್‌ನಲ್ಲಿದೆ, ಡಿಸ್ಕಿನ ಮೇಲೆ, ಹಾಗೇ ಉಳಿಯಿತು. ಕಂಪ್ಯೂಟರ್ ಮತ್ತೆ ಶುರುವಾದಾಗ ನಂಬರ್‌ಗಳು ಮೊದಲಿನಿಂದ ಎಣಿಕೆಯಾಗುತ್ತವೆ. ಬೂಟ್ ಆಗುವಾಗ ಪ್ರತಿ ಸಲವೂ ಹೆಚ್ಚುಕಡಿಮೆ ಅವೇ ಸರ್ವಿಸ್‌ಗಳು ಅದೇ ಸುಮಾರಿಗೆ ಏಳುವುದರಿಂದ ಹಿಂದಿನ ಸಲ ನಿನ್ನ ಪ್ರೋಗ್ರಾಂಗೆ ಸಿಕ್ಕ ನಂಬರ್ ಈ ಸಲ ಪಕ್ಕದವರಿಗೆ ಸಿಗುವುದು ಅಪರೂಪವೇನಲ್ಲ. ನಿನ್ನ ಸ್ಕ್ರಿಪ್ಟ್ "1184 ಅಂತ ಯಾರಾದರೂ ಇದ್ದಾರಾ" ಅಂತ ಕೇಳುತ್ತಿದೆ. "ಅಲ್ಲಿರುವವರು ನಮ್ಮವರೇನಾ" ಅಂತ ಕೇಳುತ್ತಿಲ್ಲ.

ಪಿಐಡಿ ಫೈಲನ್ನೇ ಇಟ್ಟುಕೊಳ್ಳುವುದಾದರೆ ಎರಡು ಕೆಲಸ ಮಾಡಬೇಕು. ಫೈಲನ್ನು /ರನ್ ಒಳಗೆ ಇಡಬೇಕು. /ರನ್ ಇರುವುದು ಮೆಮೊರಿಯಲ್ಲಿ, ರೀಬೂಟ್ ಆದರೆ ಖಾಲಿಯಾಗುತ್ತದೆ. ಆದರೆ ಕಾಟಾ ಯೂಸರಿಗೆ ಅಲ್ಲಿ ಬರೆಯಲು ಬರುವುದಿಲ್ಲ, ಪ್ರತಿ ಸ್ಟಾರ್ಟಿನಲ್ಲೂ ಎಸ್‌ಯುಗೆ ಮುಂಚೆ ರೂಟ್ ಆಗಿ /ರನ್/ಕಾಟಾ ಫೋಲ್ಡರ್ ಮಾಡಿ ಅದರ ಹೆಸರಿಗೆ ಬರೆಯಬೇಕು. ಎರಡನೆಯದು, /ಪ್ರಾಕ್‌ನಲ್ಲಿ ಆ ನಂಬರಿನ ಫೋಲ್ಡರ್ ಒಳಗೆ "ಕಾಮ್" ಅಂತ ಒಂದು ಫೈಲ್ ಇರುತ್ತದೆ, ಅದರಲ್ಲಿ ಪ್ರೋಸೆಸ್ ಹೆಸರು ಇರುತ್ತದೆ, ಅದನ್ನು ಹೋಲಿಸಿ ನೋಡಬೇಕು. ಇಲ್ಲೂ 15 ಅಕ್ಷರವೇ, ಪೂರ್ತಿ ಹೆಸರಿನ ಜೊತೆ ಹೋಲಿಸಿದರೆ ಮತ್ತೆ "ಓಡುತ್ತಿಲ್ಲ" ಶುರುವಾಗುತ್ತದೆ.

ಇಷ್ಟೆಲ್ಲ ಮಾಡಬಹುದು. ಆದರೆ ನನ್ನ ಮನಸ್ಸಿನ ಮಾತು ಹೇಳುತ್ತೇನೆ. ನಿನ್ನ ಉಬುಂಟುವಿನಲ್ಲಿ ಸರ್ವಿಸ್‌ಗಳನ್ನು ಶುರು ಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿ ಇದೆ, ಉಬುಂಟು 2015ರಲ್ಲಿ 15.04ರಿಂದಲೇ ಅದಕ್ಕೆ ಬದಲಾಯಿತು. ಅದಕ್ಕೆ ಪಿಐಡಿ ಫೈಲೇ ಬೇಡ. ತಾನೇ ಹುಟ್ಟಿಸಿದ ಪ್ರೋಸೆಸ್ ಆದ್ದರಿಂದ ನಂಬರ್ ಅದಕ್ಕೆ ಗೊತ್ತು, ಸತ್ತರೆ ಕರ್ನಲ್ಲೇ ಅದಕ್ಕೆ ಹೇಳುತ್ತದೆ. ಅದರ ಮಕ್ಕಳು ಮರಿಗಳನ್ನೆಲ್ಲ ಸಿಗ್ರೂಪ್ ಅನ್ನುವ ಒಂದೇ ಗುಂಪಿನಲ್ಲಿ ಕಟ್ಟಿ ಹಾಕಿರುತ್ತದೆ, ತಪ್ಪಿಸಿಕೊಳ್ಳುವುದಿಲ್ಲ. ಒಂದು ಸಣ್ಣ ಯೂನಿಟ್ ಫೈಲ್ (ಸರ್ವಿಸ್ ಹೇಗೆ ಓಡಬೇಕು ಅಂತ ಹೇಳುವ ಫೈಲ್) ಬರೆ: ಟೈಪ್ ಸಿಂಪಲ್, ಯೂಸರ್ ಕಾಟಾ, ಎಕ್ಸೆಕ್‌ಸ್ಟಾರ್ಟ್‌ನಲ್ಲಿ ಪ್ರೋಗ್ರಾಂನ ಪೂರ್ತಿ ದಾರಿ, ರೀಸ್ಟಾರ್ಟ್ ಆಲ್ವೇಸ್, ರೀಸ್ಟಾರ್ಟ್‌ಸೆಕ್ 5, ಬೂಟ್ ಆದಾಗ ಏಳಲು ಇನ್‌ಸ್ಟಾಲ್ ಭಾಗದಲ್ಲಿ ವಾಂಟೆಡ್‌ಬೈ ಮಲ್ಟಿ-ಯೂಸರ್.ಟಾರ್ಗೆಟ್. ಆಮೇಲೆ ಎನೇಬಲ್ ಮಾಡು. ಹಳೆಯ ಇನಿಟ್ ಸ್ಕ್ರಿಪ್ಟನ್ನೂ ಕ್ರಾನ್ ಸಾಲನ್ನೂ ತೆಗೆದುಹಾಕು, ಇಬ್ಬರು ಕಾವಲುಗಾರರು ಇದ್ದರೆ ಮತ್ತೆ ಎರಡು ಪ್ರತಿ ಆಗುತ್ತದೆ.

ಆ 5 ಸೆಕೆಂಡ್ ಮರೆಯಬೇಡ. ಹಾಕದಿದ್ದರೆ 100 ಮಿಲಿಸೆಕೆಂಡಿಗೇ ಮತ್ತೆ ಎಬ್ಬಿಸಲು ನೋಡುತ್ತದೆ. ಪೋರ್ಟ್ ಇನ್ನೂ ತಯಾರಾಗದೆ ಪ್ರೋಗ್ರಾಂ ಬೀಳುತ್ತಿದ್ದರೆ, 10 ಸೆಕೆಂಡಿನೊಳಗೆ 5 ಸಲ ಪ್ರಯತ್ನಿಸಿ ಕೈಬಿಟ್ಟುಬಿಡುತ್ತದೆ.

ಕೊಪ್ಪಳ_ಹೊಸಬ

ಮಧ್ಯೆ ಬಂದೆ, ಕ್ಷಮಿಸಿ. ನಾನೂ ಒಂದು ಪ್ರೋಗ್ರಾಂಗೆ ಹೀಗೇ ಯೂನಿಟ್ ಫೈಲ್ ಬರೆದೆ, ಶುರುವಾದ ಕ್ಷಣದಲ್ಲೇ ಸಾಯುತ್ತದೆ. ಎಕ್ಸೆಕ್‌ಸ್ಟಾರ್ಟ್‌ನಲ್ಲಿ ನನ್ನ ಹಳೆಯ ಸ್ಟಾರ್ಟ್ ಸ್ಕ್ರಿಪ್ಟನ್ನೇ ಕೊಟ್ಟಿದ್ದೇನೆ, ಅದರಲ್ಲಿ ನೋಹಪ್, & ಎಲ್ಲ ಇವೆ.

ಸಿಂಧನೂರು_ಸರ್ವರ್

ಅದೇ ಕಾರಣ. ಟೈಪ್ ಸಿಂಪಲ್ ಅಂದರೆ ಸಿಸ್ಟಮ್‌ಡಿ ತಾನು ಕರೆದ ಮೊದಲ ಪ್ರೋಸೆಸ್ಸನ್ನೇ ಮುಖ್ಯ ಅಂತ ಹಿಡಿಯುತ್ತದೆ. ನಿಮ್ಮ ಸ್ಕ್ರಿಪ್ಟ್ ಪ್ರೋಗ್ರಾಂ ಅನ್ನು ಹಿಂದೆ ಕಳಿಸಿ ತಾನು ಮುಗಿಯಿತು. ಮುಖ್ಯವಾದದ್ದೇ ಮುಗಿಯಿತು ಅಂತ ಗುಂಪಿನಲ್ಲಿ ಉಳಿದವರನ್ನೂ ಕೊಂದು ಗುಡಿಸಿಬಿಡುತ್ತದೆ. ನೋಹಪ್ ಬೇಡ, & ಬೇಡ, ಪ್ರೋಗ್ರಾಂ ಅನ್ನೇ ನೇರವಾಗಿ ಕೊಡಿ, ಅದು ಮುಂದೆಯೇ ಕೂತು ಓಡಲಿ. ಸ್ಕ್ರಿಪ್ಟ್ ಬೇಕೇ ಬೇಕು ಅಂದರೆ ಕೊನೆಯ ಸಾಲಿನಲ್ಲಿ ಎಕ್ಸೆಕ್ ಹಾಕಿ ಪ್ರೋಗ್ರಾಂ ಕರೆಯಿರಿ, ಆಗ ಸ್ಕ್ರಿಪ್ಟಿನ ನಂಬರೇ ಪ್ರೋಗ್ರಾಂಗೆ ಬರುತ್ತದೆ.

ಗಂಗಾವತಿ ಅಣ್ಣಾ, ನಿಮ್ಮದು ಯುಎಸ್‌ಬಿ ಕನ್ವರ್ಟರ್ ಆಗಿದ್ದರೆ ಟಿಟಿವೈಯುಎಸ್‌ಬಿ0 ಅನ್ನುವ ಹೆಸರನ್ನು ನಂಬಬೇಡಿ, ತೆಗೆದು ಹಾಕಿದಾಗ 1 ಆಗಿಬಿಡಬಹುದು. /ಡೆವ್/ಸೀರಿಯಲ್/ಬೈ-ಐಡಿ ಒಳಗೆ ಆ ಕನ್ವರ್ಟರಿನದ್ದೇ ಒಂದು ಉದ್ದ ಹೆಸರು ಇರುತ್ತದೆ, ಅದನ್ನು ಕೊಡಿ.

ಗಂಗಾವತಿ_ಕಾಟಾಮನೆ

ಯೂನಿಟ್ ಫೈಲ್ ಬರೆದು, ಇನಿಟ್ ಸ್ಕ್ರಿಪ್ಟ್ ತೆಗೆದು, ಕ್ರಾನ್ ಸಾಲು ಅಳಿಸಿದೆ. ಬೈ-ಐಡಿ ಹೆಸರನ್ನೂ ಕೊಟ್ಟೆ. ಆಮೇಲೆ ಧೈರ್ಯ ಮಾಡಿ, ಕಾಟಾದ ಮೇಲೆ ಯಾರೂ ಇಲ್ಲದ ಹೊತ್ತಿನಲ್ಲಿ ಪ್ರೋಗ್ರಾಂಗೆ ಕಿಲ್ -9 ಕೊಟ್ಟು ಗಡಿಯಾರ ನೋಡಿದೆ. 5 ಸೆಕೆಂಡಿಗೆ ಎದ್ದು ಕೂತಿತು, ಹೊಸ ನಂಬರ್, ಒಂದೇ ಪ್ರತಿ. ಕೇಬಲ್ ಕಿತ್ತು ಹಾಕಿದೆ, ಬಂತು. ಕಂಪ್ಯೂಟರನ್ನು ಎರಡು ಸಲ ರೀಬೂಟ್ ಮಾಡಿದೆ, ಎರಡು ಸಲವೂ ಬಂತು. ಗುಮಾಸ್ತರು ಈಗ ತಮ್ಮ ಲಾಗಿನ್‌ನಿಂದಲೇ "ಸಿಸ್ಟಮ್‌ಸಿಟಿಎಲ್ ಈಸ್-ಆಕ್ಟಿವ್" ಕೇಳಿದರೆ ಸರಿಯಾದ ಉತ್ತರ ಬರುತ್ತದೆ, ಆ ಸಾಲನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರ್ ಕೆಳಗೆ ಅಂಟಿಸಿಕೊಂಡಿದ್ದಾರೆ.

ಇವತ್ತು ಬೆಳಿಗ್ಗೆಯಿಂದ ಪ್ರತಿ ಟ್ರ್ಯಾಕ್ಟರಿನ ತೂಕವನ್ನೂ ಇಂಡಿಕೇಟರ್ ಜೊತೆ ಹೋಲಿಸಿ ನೋಡಿ ಚೀಟಿ ಕೊಟ್ಟಿದ್ದೇನೆ, ಒಂದೂ ತಪ್ಪಿಲ್ಲ. ಪ್ರೋಗ್ರಾಂ ಹಾಳಾಗಿದ್ದ ದಿನಗಳ ಚೀಟಿಗಳನ್ನು ಕೈಬರಹದ ಪುಸ್ತಕದ ಜೊತೆ ತಾಳೆ ಹಾಕುತ್ತಿದ್ದೇವೆ, ಮೊದಲ ದಿನದಲ್ಲೇ ಎರಡು ಚೀಟಿಗಳಲ್ಲಿ ವ್ಯತ್ಯಾಸ ಸಿಕ್ಕಿತು. ಆ ಇಬ್ಬರು ರೈತರಿಗೂ ಫೋನ್ ಮಾಡಿದ್ದೇವೆ, ನಾಳೆ ಬಂದು ಬಾಕಿ ತೆಗೆದುಕೊಂಡು ಹೋಗುತ್ತಾರೆ.